ಐವತ್ತು ದಾಟಿದ ಮೇಲಿನ ನಡುಕ

ಗಾಜಿನ ಗೋಡೌನಿನ ಲಾರಿ ಡ್ರೈವರನಿಗೆ ಪೈಲಟ್ ಎಂಬ ಅಡ್ಡಹೆಸರು ಬಂದದ್ದು ವಿಮಾನ ಹಾರಿಸಿದ್ದಕ್ಕಲ್ಲ, ಜಂಭ ಕೊಚ್ಚಿಕೊಂಡದ್ದಕ್ಕೆ. ಮೂರು ವರ್ಷದ ಹಿಂದೆ ಹಳೆಯ ಲಾರಿಯನ್ನು ಮಾರಿ, ಗೇರ್ ತಾನೇ ಬದಲಿಸಿಕೊಳ್ಳುವ ಹೊಸ ಲಾರಿ ತಂದರು. ಅದನ್ನು ಓಡಿಸುವುದು ಕಲಿಯಲು ಅರ್ಧ ದಿನದ ತರಬೇತಿಗೆ ಇವನೊಬ್ಬನನ್ನೇ ಕಳಿಸಿದರು. ಆ ಅರ್ಧ ದಿನದಲ್ಲಿ ಒಂದಿಷ್ಟು ಹೊತ್ತು ಟೀ ಕುಡಿಯುವುದರಲ್ಲಿ ಹೋಯಿತು, ಇನ್ನೊಂದಿಷ್ಟು ತೂಕಡಿಸುವುದರಲ್ಲಿ ಹೋಯಿತು. ಆದರೂ ವಾಪಸು ಬಂದವನ ನಡಿಗೆಯೇ ಬದಲಾಗಿತ್ತು.

“ಕ್ಲಚ್ಚೇ ಇಲ್ಲ ಕಣ್ರೋ! ಎಡಗಾಲಿಗೂ ಎಡಗೈಗೂ ಇವತ್ತಿಂದ ಪೆನ್ಶನ್. ಗಾಡಿ ತಾನೇ ಯೋಚನೆ ಮಾಡುತ್ತೆ. ನಾನು ಸುಮ್ನೆ ಕೂತು ಎಲ್ಲಿಗೆ ಅಂತ ಹೇಳೋದು, ಅಷ್ಟೆ.”

ಗೋಡೌನಿನ ಜನವೆಲ್ಲ ಲಾರಿಯ ಸುತ್ತ ನಿಂತು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಆಗ ಮ್ಯಾನೇಜರು ಕೈಯಲ್ಲಿ ವಾಹನದ ರಿಜಿಸ್ಟರ್ ಹಿಡಿದು ಬಂದು ಒಂದು ಸಣ್ಣ ಪ್ರಶ್ನೆ ಕೇಳಿದರು. ಈ ಗೇರ್‌ಬಾಕ್ಸಿನ ಎಣ್ಣೆಯನ್ನು ಎಷ್ಟು ಕಿಲೋಮೀಟರಿಗೊಮ್ಮೆ ಬದಲಿಸಬೇಕು?

ತರಬೇತಿಯಲ್ಲಿ ಅದನ್ನು ಹೇಳಿದ್ದರು. ಹೇಳಿದ್ದು ತೂಕಡಿಕೆಯ ಪಾಲಿಗೆ ಹೋಗಿತ್ತು. ‘ಗೊತ್ತಿಲ್ಲ’ ಎಂಬ ಮೂರೇ ಅಕ್ಷರ ಅಂದು ಇವನ ಬಾಯಿಂದ ಬಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಅಷ್ಟು ಜನರ ಎದುರಿಗೆ ಪೈಲಟ್ಟಾದವನು ಗೊತ್ತಿಲ್ಲ ಎನ್ನುವುದುಂಟೇ?

“ಇದರದ್ದು ಆಜೀವ ಎಣ್ಣೆ ಸಾರ್,” ಎಂದ. “ಗಾಡಿ ಹುಟ್ಟಿದಾಗ ಹಾಕಿರೋದು, ಗಾಡಿ ಸಾಯೋವರೆಗೂ ಅದೇ. ಅದನ್ನ ಮುಟ್ಟೋದೇ ತಪ್ಪು.”

ಮಾಡಬೇಕಾಗಿಲ್ಲದ ಕೆಲಸವೆಂದರೆ ಮ್ಯಾನೇಜರಿಗೆ ಪ್ರಾಣ. ಅವರು ಸಂತೋಷದಿಂದ ಕೆಂಪು ಶಾಯಿಯಲ್ಲಿ ‘ಗೇರ್‌ಬಾಕ್ಸ್ ಎಣ್ಣೆ ಆಜೀವ. ಬದಲಿಸತಕ್ಕದ್ದಲ್ಲ. ಡ್ರೈವರನ ಹೇಳಿಕೆಯಂತೆ’ ಎಂದು ಬರೆದುಕೊಂಡರು. ಕೆಳಗೆ ಸಹಿ ಮಾಡೆಂದರು. ಪೈಲಟ್ ಅಡಿಗೆರೆ ಎಳೆದು ಎರಡು ಚುಕ್ಕೆಯನ್ನೂ ಇಟ್ಟು ಸಹಿ ಮಾಡಿದ.

ಮೂರು ವರ್ಷ ಲಾರಿ ರಾಜನ ಹಾಗೆ ಓಡಿತು. ಆಮೇಲೆ ಒಂದು ದಿನ ಬೆಳಿಗ್ಗೆ, ಅಂಗಡಿಗಳಿಗೆ ಗಾಜು ತುಂಬಿಕೊಂಡು ಹೆದ್ದಾರಿಯಲ್ಲಿ ಹೋಗುವಾಗ, ವೇಗ ಐವತ್ತು ದಾಟಿದ್ದೇ ತಡ, ಲಾರಿ ಗಡಗಡ ನಡುಗಿತು. ರಸ್ತೆಗೆ ಅಡ್ಡಡ್ಡ ಸಣ್ಣ ಉಬ್ಬುಗಳನ್ನು ಹಾಕಿರುತ್ತಾರಲ್ಲ, ಅದರ ಮೇಲೆ ಹೋದ ಹಾಗೆ. ಪೈಲಟ್ ಕಿಟಕಿಯಿಂದ ತಲೆ ಹೊರಹಾಕಿ ನೋಡಿದ. ರಸ್ತೆ ನುಣ್ಣಗಿತ್ತು. ಅರವತ್ತು ದಾಟಿದ ಮೇಲೆ ನಡುಕ ನಿಂತಿತು. ಐವತ್ತೈದಕ್ಕೆ ಇಳಿದಾಗ ಮತ್ತೆ ಬಂತು. ಹಿಂದೆ ನಿಲ್ಲಿಸಿದ್ದ ಗಾಜಿನ ಹಾಳೆಗಳು ಕಿಣಿಕಿಣಿ ಎಂದವು. ಅಂಗಡಿಯವರು ಇಳಿಸಿಕೊಂಡು ನೋಡಿದಾಗ ಮೂರು ಹಾಳೆ ಮೂಲೆಯಲ್ಲಿ ಸೀಳಿದ್ದವು.

ಇಲ್ಲಿ ಗಾಜಿನವರ ಒಂದು ಪದ್ಧತಿಯನ್ನು ಹೇಳಬೇಕು. ಗೋಡೌನಿನಲ್ಲಿ ಒಡಕಿನ ಪುಸ್ತಕವೊಂದಿದೆ. ಒಡೆದ ಪ್ರತಿಯೊಂದು ಗಾಜಿಗೂ ಅದರಲ್ಲಿ ಕಾರಣ ಬರೆಯಬೇಕು. ಕಾರಣಕ್ಕೆ ಇರುವ ಕಾಲಮುಗಳು ಎರಡೇ, ಒಂದು ‘ರಸ್ತೆ’, ಇನ್ನೊಂದು ‘ಕೈ’. ಮೂರನೆಯ ಕಾರಣದಿಂದ ಗಾಜು ಒಡೆಯಬಹುದೆಂದು ಆ ಪುಸ್ತಕ ಅಚ್ಚು ಹಾಕಿಸಿದ ಪುಣ್ಯಾತ್ಮನಿಗೆ ಹೊಳೆದಿರಲಿಲ್ಲ, ಆಮೇಲೆ ಬಂದವರಿಗೂ ಹೊಳೆಯಲಿಲ್ಲ. ಅದೇ ವಾರ ಒಂದು ಬಾಡಿಗೆ ಲಾರಿ ಅದೇ ರಸ್ತೆಯಲ್ಲಿ ಹೋಗಿ ಒಂದೂ ಗಾಜು ಒಡೆಯದೆ ಇಳಿಸಿ ಬಂದಿತ್ತು. ಹಾಗಾಗಿ ರಸ್ತೆ ನಿರಪರಾಧಿ ಎಂದಾಯಿತು. ಉಳಿದದ್ದು ಕೈ.

“ಯಾರ ಕೈ?” ಎಂದರು ಮ್ಯಾನೇಜರು.

“ಕೈಯಲ್ಲ ಸಾರ್, ಗಾಡಿ. ಗಾಡಿ ನಡುಗುತ್ತೆ.”

“ಗಾಡಿ ತಾನೇ ಯೋಚನೆ ಮಾಡುತ್ತೆ ಅಂದಿದ್ದೆ. ನಡುಗೋದೂ ತಾನೇ ಮಾಡ್ಕೊಳ್ಳುತ್ತಾ?”

“ಐವತ್ತರಿಂದ ಅರವತ್ತರ ಒಳಗೆ ಸಾರ್. ಒಂದ್ಸಲ ಬಂದು ಕೂತು ನೋಡಿ.”

ಮ್ಯಾನೇಜರು ಬಂದು ಕೂತರು. ನ್ಯಾಯವಂತರು. ಆದರೆ ಪರೀಕ್ಷೆ ಗೋಡೌನಿನ ಆವರಣದ ಒಳಗೇ ನಡೆಯಬೇಕೆಂದು ನಿಯಮವಿತ್ತು, ಆವರಣದೊಳಗೆ ಹದಿನೈದಕ್ಕಿಂತ ಹೆಚ್ಚು ವೇಗ ಹೋಗಬಾರದೆಂಬ ಇನ್ನೊಂದು ನಿಯಮವೂ ಇತ್ತು. ಲಾರಿ ಹದಿನೈದರಲ್ಲಿ ಆರು ಸುತ್ತು ಸುತ್ತಿತು. ಮ್ಯಾನೇಜರು ತಮ್ಮ ಮುಂದೆ ನೀರು ತುಂಬಿದ ಲೋಟವೊಂದನ್ನು ಇಟ್ಟುಕೊಂಡಿದ್ದರು. ನೀರು ಕಣ್ಣು ಮಿಟುಕಿಸಲಿಲ್ಲ.

“ಐವತ್ತು ಹೋಗ್ಬೇಕು ಸಾರ್!”

“ಇಲ್ಲಿ ಐವತ್ತು ಹೋದ್ರೆ ಗೋಡೆ ನಡುಗುತ್ತೆ,” ಎಂದು ಮ್ಯಾನೇಜರು ಲೋಟದ ನೀರನ್ನು ಕುಡಿದು ಇಳಿದರು.

ಗೋಡೌನಿನ ಹಿಂದಿನ ರಸ್ತೆಯಲ್ಲಿ ಒಬ್ಬ ಹಳೆಯ ಮೆಕ್ಯಾನಿಕ್ ಇದ್ದ. ಎಲ್ಲರೂ ಅವನನ್ನು ಗ್ರೀಸಜ್ಜ ಎನ್ನುತ್ತಿದ್ದರು. ಮಂಡಿ ಹೋಗಿದ್ದರಿಂದ ಸ್ಟೂಲಿನ ಮೇಲೆ ಕೂತೇ ಕೆಲಸ ಹೇಳುತ್ತಿದ್ದ. ಅಂಗಡಿಗಳಿಂದ ವಾಪಸು ಬರುವಾಗ ಪೈಲಟ್ ಅವನನ್ನು ಲಾರಿಗೆ ಹತ್ತಿಸಿಕೊಂಡು ಹೆದ್ದಾರಿಗೆ ಹೋದ. ಐವತ್ತೈದರಲ್ಲಿ ಲಾರಿ ಗಡಗಡ ಎಂದಿತು.

“ಹೂಂ. ಈಗ ಎಕ್ಸ್‌ಲೇಟರ್ ಬಿಡಬೇಡ. ಎಡಗಾಲಲ್ಲಿ ಬ್ರೇಕನ್ನ ಮೆಲ್ಲಗೆ, ಹೂವು ಮುಟ್ಟಿದ ಹಾಗೆ ಮುಟ್ಟು.”

ಮುಟ್ಟಿದ. ನಡುಕ ತಟ್ಟನೆ ನಿಂತಿತು.

“ನಿಂತ್ಹೋಯ್ತಾ? ಎಂಜಿನ್ ಹಾಳಾಗಿದ್ರೆ ನಿಲ್ತಿರ್ಲಿಲ್ಲ. ಚಕ್ರದ ದೋಷ ಆಗಿದ್ರೂ ನಿಲ್ತಿರ್ಲಿಲ್ಲ. ನಿನ್ನ ಗೇರ್‌ಬಾಕ್ಸಿಗೆ ಎಂಜಿನ್ನನ್ನ ಹಿಡ್ಕೊಳ್ಳೋ ಕ್ಲಚ್ ಒಂದಿದೆ ಒಳಗೆ. ನಿನಗೆ ಕಾಣಲ್ಲ ಅಂದ್ರೆ ಇಲ್ಲ ಅಂತಲ್ಲ. ಈ ವೇಗದಲ್ಲಿ ಅದು ಹಿಡ್ಕೊಳ್ಳೋಕೆ ಹೋಗುತ್ತೆ, ಎಣ್ಣೆ ಸತ್ತಿದೆ, ಹಿಡಿತ ಸಿಗಲ್ಲ, ಹಿಡಿದು ಬಿಟ್ಟು ಹಿಡಿದು ಬಿಟ್ಟು ನಡುಗುತ್ತೆ. ಬ್ರೇಕ್ ಮುಟ್ಟಿದ ತಕ್ಷಣ ಕೈ ಬಿಟ್ಟುಬಿಡುತ್ತೆ, ಸುಮ್ಮನಾಗುತ್ತೆ.”

ಗ್ಯಾರೇಜಿಗೆ ಬಂದು ಗೇರ್‌ಬಾಕ್ಸಿನ ಪಕ್ಕದ ಬಿರಡೆ ಬಿಚ್ಚಿಸಿ, ಬೆರಳಿಗೆ ಬಂದ ಎಣ್ಣೆಯನ್ನು ಅಜ್ಜ ಮೂಸಿದ. ಕೆಂಪಗಿರಬೇಕಾದ ಎಣ್ಣೆ ಸುಟ್ಟ ಕಾಫಿಯ ಬಣ್ಣಕ್ಕೆ ಬಂದಿತ್ತು.

“ಎಷ್ಟು ದಿನ ಆಯ್ತೋ ಇದನ್ನ ಬದಲಿಸಿ?”

“ಆಜೀವ ಎಣ್ಣೆ ಅಜ್ಜ.”

“ಯಾವ ಮುಠ್ಠಾಳ ಹೇಳಿದ್ದು ನಿನಗೆ?”

ಆ ಮುಠ್ಠಾಳನ ಸಹಿ ಅಡಿಗೆರೆ ಚುಕ್ಕೆಗಳ ಸಮೇತ ರಿಜಿಸ್ಟರಿನಲ್ಲಿ ಬೆಚ್ಚಗೆ ಕೂತಿತ್ತು. ಮ್ಯಾನೇಜರ ಹತ್ತಿರ ಹೋಗಿ ಎಣ್ಣೆ ಬದಲಿಸಿ ಎಂದರೆ, ಮೂರು ವರ್ಷ ಬದಲಿಸದಂತೆ ಮಾಡಿದವನು ನೀನೇ ಎನ್ನುತ್ತಾರೆ. ಒಡೆದ ಗಾಜೆಲ್ಲ ಇವನ ತಲೆಗೆ ಬರುತ್ತದೆ, ಡ್ರೈವರ್ ಸೀಟು ಕೈಬಿಟ್ಟು ಹೋಗುತ್ತದೆ. ಇಪ್ಪತ್ತೆಂಟು ವರ್ಷ ಸ್ಟಿಯರಿಂಗ್ ಹಿಡಿದವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಬೇರೆ ಕೆಲಸ ಬೇಕಾಗಿಯೂ ಇರಲಿಲ್ಲ. ಅವನು ಹೆದರಿದ. ಹೆದರಿ ಸುಮ್ಮನಿದ್ದ.

ಸುಮ್ಮನಿದ್ದಷ್ಟು ದಿನವೂ ಗಾಜು ಸೀಳುತ್ತಲೇ ಹೋಯಿತು. ಬ್ರೇಕು ಮುಟ್ಟಿ ಮುಟ್ಟಿ ಎಷ್ಟು ದೂರ ಓಡಿಸಲಾದೀತು? ‘ಕೈ’ ಕಾಲಮಿನಲ್ಲಿ ಗೀಟುಗಳು ತುಂಬಿದವು. ಗಾಜು ಎತ್ತುವವರೆಲ್ಲರ ಕೈಯನ್ನೂ ಪರೀಕ್ಷೆ ಮಾಡಿಸಿದ್ದಾಗಿತ್ತು, ಎಲ್ಲರೂ ಪಾಸು. ಗೋಡೌನಿನಲ್ಲಿ ಪರೀಕ್ಷೆಯಾಗದೆ ಉಳಿದ ಕೈಗಳು ಎರಡೇ ಎರಡು, ಸ್ಟಿಯರಿಂಗಿನ ಮೇಲಿದ್ದವು.

“ಗಾಡಿ ನಡುಗುತ್ತೆ ಅಂತ ಹೇಳಿದವನೂ ಇವನೇ ಅಲ್ವಾ?” ಎಂದರು ಮ್ಯಾನೇಜರು. “ಸ್ಟಿಯರಿಂಗ್ ಹಿಡಿದ ಕೈ ನಡುಗಿದ್ರೆ ಗಾಡಿಯೇ ನಡುಗಿದ ಹಾಗೆ ಅನ್ನಿಸುತ್ತೆ. ಪಾಪ, ಅವನಿಗೆ ಗೊತ್ತಾಗ್ತಿಲ್ಲ.”

ಪರೀಕ್ಷೆ ಎಂದರೆ ಇಷ್ಟು. ಎರಡು ಅಡಿಯ ಗಾಜಿನ ಹಾಳೆಯನ್ನು ಎರಡೂ ಅಂಗೈಯ ಮೇಲೆ ಮಲಗಿಸಿಕೊಂಡು, ಅದರ ಮೇಲೆ ಅಂಚಿನವರೆಗೆ ನೀರು ತುಂಬಿದ ಲೋಟವನ್ನಿಟ್ಟು ನಿಲ್ಲಬೇಕು. ಗಾಜು ಎತ್ತುವವರ ಮೇಸ್ತ್ರಿ ನೂರರವರೆಗೆ ಎಣಿಸುತ್ತಾನೆ. ಆ ದಿನ ಗೋಡೌನಿನಲ್ಲಿ ಕೆಲಸ ನಿಂತಿತು. ಲೆಕ್ಕದ ಗುಮಾಸ್ತ ಕುರ್ಚಿ ತಂದು ಮುಂದಿನ ಸಾಲಿನಲ್ಲಿ ಹಾಕಿಕೊಂಡ. ಪೈಲಟ್ ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಉಸಿರು ಕಟ್ಟಿ ನಿಂತ. ಮೇಸ್ತ್ರಿ ನೂರು ಎಂದಾಗ ನೀರಿನಲ್ಲಿ ಒಂದು ಅಲೆಯೂ ಎದ್ದಿರಲಿಲ್ಲ.

ಗಾಜು ಎತ್ತುವವರಲ್ಲಿ ಏಣಿ ಎಂದು ಕರೆಸಿಕೊಳ್ಳುತ್ತಿದ್ದ ಉದ್ದನೆಯ ಆಸಾಮಿಯೊಬ್ಬನಿದ್ದ, ಪೈಲಟ್ಟನ ಹತ್ತಿರವೇ ಡ್ರೈವಿಂಗ್ ಕಲಿತವನು. ಅವನೊಬ್ಬ ಚಪ್ಪಾಳೆ ಹೊಡೆದ. ಮೇಸ್ತ್ರಿ ಹೊಡೆಯಲಿಲ್ಲ. ಅವನು ಹುಬ್ಬು ಗಂಟಿಕ್ಕಿಕೊಂಡು ಮ್ಯಾನೇಜರ ಕಿವಿಯ ಹತ್ತಿರ ಬಂದು, ಎಲ್ಲರಿಗೂ ಕೇಳುವ ಹಾಗೆ ಪಿಸುಗುಟ್ಟಿದ.

“ಇಷ್ಟು ಅಲುಗಾಡದ ಕೈಯನ್ನ ನಾನು ನೋಡೇ ಇಲ್ಲ ಸಾರ್. ನಮ್ಮೋರ ಕೈಯಲ್ಲಿ ನೀರು ಒಂಚೂರು ತುಳುಕುತ್ತೆ. ಉಸಿರಾಡೋ ಮನುಷ್ಯನ ಕೈ ಅಲ್ವಾ? ಇವನು ಬಿಗಿಹಿಡಿದು ನಿಂತಿದ್ದ. ಒಳಗೆ ಏನೋ ಇದ್ರೇ ಹೀಗೆ ಬಿಗಿಹಿಡಿಯೋದು. ನನ್ನ ಕೇಳಿದ್ರೆ, ಗಾಜನ್ನ ಬಿಗಿಹಿಡಿಯೋನ ಕೈನ ನಂಬಲೇಬಾರದು.”

ಮೂವತ್ತು ವರ್ಷ ಗಾಜು ಹಿಡಿದವನ ಮಾತು. ನೆರೆದವರೆಲ್ಲ ಹೌದು ಹೌದು ಎಂದು ತಲೆದೂಗಿದರು. ಪೈಲಟ್ಟನನ್ನು ಡಾಕ್ಟರ ಬಳಿಗೆ ಕಳಿಸಿದರು.

ಡಾಕ್ಟರು ಒಳ್ಳೆಯವರು, ಸಮಾಧಾನದವರು.

“ನಡುಕ ಯಾವಾಗ ಬರುತ್ತೆ?”

“ಐವತ್ತರಿಂದ ಅರವತ್ತರ ಒಳಗೆ ಸಾರ್.”

“ಸಾಮಾನ್ಯವಾಗಿ ಎಲ್ಲರಿಗೂ ಆಗಲೇ ಶುರುವಾಗೋದು. ನಿಮಗೆಷ್ಟೀಗ?”

“ಐವತ್ತೆರಡು. ಆದ್ರೆ ನಡುಕ ನನಗಲ್ಲ ಸಾರ್, ಲಾರಿಗೆ.”

ಡಾಕ್ಟರು ಪೆನ್ನು ಕೆಳಗಿಟ್ಟು, ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡರು.

“ಲಾರಿ ನಡುಗುತ್ತೆ ಅಂತ ಎಷ್ಟು ದಿನದಿಂದ ಅನ್ನಿಸ್ತಾ ಇದೆ?”

“ಮೂರು ತಿಂಗಳಿಂದ.”

“ನೀವು ಒಬ್ಬರೇ ಇರುವಾಗ ಅನ್ನಿಸುತ್ತಾ, ಬೇರೆಯವರಿದ್ದಾಗಲೂ ಅನ್ನಿಸುತ್ತಾ?”

“ಬೇರೆಯವರು ಇದ್ದಾಗ ಹದಿನೈದರ ಮೇಲೆ ಹೋಗೋಕೆ ಬಿಡಲ್ಲ ಸಾರ್.”

“ಸರಿ, ಸರಿ. ಏನು ಮಾಡಿದ್ರೆ ಕಮ್ಮಿಯಾಗುತ್ತೆ?”

“ಎಡಗಾಲನ್ನ ಮೆಲ್ಲಗೆ ಒತ್ತಿದ್ರೆ ತಕ್ಷಣ ನಿಂತ್ಹೋಗುತ್ತೆ.”

ಡಾಕ್ಟರು ಬಹಳ ಹೊತ್ತು ಬರೆದರು. ‘ಕೈಯಲ್ಲಿ ಸದ್ಯಕ್ಕೆ ನಡುಕ ಕಾಣುವುದಿಲ್ಲ. ಮುಂದೆ ಕಾಣಬಹುದು. ಮನಸ್ಸಿಗೆ ವಿಶ್ರಾಂತಿ ಬೇಕು’ ಎಂದಿತ್ತು ಚೀಟಿಯಲ್ಲಿ. ಇದನ್ನು ಮ್ಯಾನೇಜರು ತಮ್ಮ ವರದಿಗೆ ಗುಂಡುಪಿನ್ನು ಚುಚ್ಚಿ ದೊಡ್ಡ ಕಚೇರಿಗೆ ಕಳಿಸಿದರು. ಲಾರಿ ನಡುಗುತ್ತದೆಯೋ ಡ್ರೈವರ್ ನಡುಗುತ್ತಾನೋ ತೀರ್ಮಾನಿಸಲು ಬರುವ ಮಂಗಳವಾರ ಸಾಹೇಬರೊಬ್ಬರು ಬಂದು, ಲಾರಿಯನ್ನು ಹೆದ್ದಾರಿಯಲ್ಲೇ ಓಡಿಸಿ ನೋಡುತ್ತಾರೆ ಎಂದು ಉತ್ತರ ಬಂತು.

ಡಾಕ್ಟರ ಚೀಟಿಗಿಂತ ಮೊದಲೇ ಸುದ್ದಿ ಮನೆ ತಲುಪಿತ್ತು. ಪಕ್ಕದ ಮನೆಯ ಟೈಲರ್ ಬಂದು ಕುಶಲ ಕೇಳುವ ನೆಪದಲ್ಲಿ ಸೂಜಿಯನ್ನೂ ದಾರವನ್ನೂ ಕೈಗೆ ಕೊಟ್ಟು, “ಸುಮ್ನೆ ಪೋಣಿಸಿ ಕೊಡಿ ನೋಡೋಣ,” ಎಂದ. ಅವರ ಮನೆಗೆ ಹೋದಾಗ ಟೈಲರನ ಹೆಂಡತಿ ಟೀಯನ್ನು ಅರ್ಧ ಲೋಟ ಮಾತ್ರ ಕೊಟ್ಟಳು, ಚೆಲ್ಲದಿರಲಿ ಎಂದು. ಆಮೇಲೆ ಬೀದಿಯಲ್ಲಿ ಯಾರ ಮನೆಗೆ ಹೋದರೂ ಅರ್ಧ ಲೋಟವೇ. ದಿನಸಿ ಅಂಗಡಿಯವನು ಚಿಲ್ಲರೆಯನ್ನು ಕೈಗೆ ಹಾಕದೆ ಜೇಬಿಗೇ ಹಾಕಿದ. ಹೀಗೆ ಊರೆಲ್ಲ ಕನಿಕರಪಟ್ಟರೆ ಎಂಥವನ ಕೈಯೂ ನಡುಗಬೇಕು. ಪೈಲಟ್ಟನ ಕೈ ನಡುಗಲಿಲ್ಲ ಎನ್ನುವುದನ್ನು ಕಥೆ ಹೇಳುವವರು ಒತ್ತಿ ಹೇಳಲೇಬೇಕು, ಏಕೆಂದರೆ ಬೇರೆ ಯಾರೂ ಹೇಳಲಿಲ್ಲ.

ಮನೆಯಲ್ಲಿ ಹೆಂಡತಿ ಎಂದಿನ ಹಾಗೆ ತುಂಬು ಲೋಟ ಟೀ ಕೊಟ್ಟಳು. ಉಪಾಯ ಹೇಳಿದವನು ಅವಳ ತಮ್ಮ. ಈ ಭಾವಮೈದುನನಿಗೆ ಜಗತ್ತಿನಲ್ಲಿ ಗೊತ್ತಿಲ್ಲದ ವಿಷಯವಿಲ್ಲ, ಬರುವ ಕೆಲಸವೂ ಇಲ್ಲ.

“ಭಾವ, ತಲೆ ಯಾಕೆ ಕೆಡಿಸ್ಕೋತೀರಿ? ಭಾನುವಾರ ಗಾಡಿ ತೊಳೆಯೋಕೆ ಕೀಲಿ ನಿಮ್ಮ ಹತ್ರಾನೇ ಇರುತ್ತೆ. ಯಾರಿಗೂ ಹೇಳದೆ ಎಣ್ಣೆ ಬದಲಿಸಿಬಿಡೋಣ. ಮಂಗಳವಾರ ಸಾಹೇಬರು ಬರೋ ಹೊತ್ತಿಗೆ ನಡುಕವೇ ಇರಲ್ಲ. ನಡುಕ ಇಲ್ಲ ಅಂದ್ಮೇಲೆ ಗಲಾಟೆ ಎಲ್ಲಿ?”

ಕೇಳಿದವನಿಗೆ ಆ ಮಾತು ದೇವರೇ ಬಂದು ಹೇಳಿದ ಹಾಗಿತ್ತು. ಅದರಲ್ಲಿದ್ದ ತೂತು ಇಬ್ಬರಿಗೂ ಕಾಣಲಿಲ್ಲ.

ಭಾನುವಾರ ಮಧ್ಯಾಹ್ನ ಲಾರಿ ಗ್ರೀಸಜ್ಜನ ಗ್ಯಾರೇಜಿನ ಮುಂದೆ ನಿಂತಿತು. ಅಜ್ಜ ಸ್ಟೂಲಿನ ಮೇಲೆ ಕೂತ, ಪೈಲಟ್ ಲಾರಿಯ ಕೆಳಗೆ ಅಂಗಾತ ಮಲಗಿದ, ಭಾವಮೈದುನ ಟಾರ್ಚ್ ಹಿಡಿದು ಬಗ್ಗಿದ.

“ತಳದ ತಟ್ಟೆಯ ಎಲ್ಲ ಬೋಲ್ಟನ್ನೂ ಒಟ್ಟಿಗೆ ಬಿಚ್ಚಬೇಡ. ಒಂದು ಕಡೆಯವು ಇರಲಿ. ಇನ್ನೊಂದು ಕಡೆಯಿಂದ ತಟ್ಟೆ ತಾನಾಗಿ ಬಾಗುತ್ತೆ, ಎಣ್ಣೆ ನಿಧಾನಕ್ಕೆ ಇಳಿಯುತ್ತೆ,” ಎಂದ ಅಜ್ಜ.

“ನನಗೆ ಗೊತ್ತು ಬಿಡಿ ಅಜ್ಜ,” ಎಂದು ಭಾವಮೈದುನ ಲಾರಿಯ ಕೆಳಗೆ ನುಸುಳಿ ಉಳಿಸಬೇಕಾದ ಕಡೆಯ ಬೋಲ್ಟಿಗೇ ಕೈಹಾಕಿದ. ಗೇರ್‌ಬಾಕ್ಸಿನ ತಟ್ಟೆ ಧಡ್ಡನೆ ಬಾಗಿ ಬೆಚ್ಚಗಿನ ಕಪ್ಪೆಣ್ಣೆ ಅವನ ತಲೆಯಿಂದ ಹೊಟ್ಟೆಯವರೆಗೆ ಅಭಿಷೇಕ ಮಾಡಿತು. ಸುಟ್ಟ ವಾಸನೆಗೆ ಬೀದಿನಾಯಿ ಎದ್ದು ಹೋಯಿತು.

“ಈಗ ಗೊತ್ತಾಯ್ತು,” ಎಂದ ಅಜ್ಜ.

ತಟ್ಟೆಯ ತಳದ ಅಯಸ್ಕಾಂತಕ್ಕೆ ಬೂದು ಬಣ್ಣದ ಲೋಹದ ಕೆಸರು ಮೆತ್ತಿಕೊಂಡಿತ್ತು. ಪೈಲಟ್ ಅದನ್ನು ಬಟ್ಟೆಯಿಂದ ಒರೆಸಿ ಒರೆಸಿ ತೆಗೆದ. ಫಿಲ್ಟರ್ ಬದಲಿಸಿದ, ಹೊಸ ಪ್ಯಾಕಿಂಗ್ ಕೂರಿಸಿದ, ಅಜ್ಜ ಹೇಳಿದಂತೆ ಬೋಲ್ಟುಗಳನ್ನು ಅಡ್ಡಡ್ಡ ಜೋಡಿಯಾಗಿ ಹದವಾಗಿ ಬಿಗಿಮಾಡಿದ. ಕೈಪಂಪಿನಿಂದ ಕೆಂಪೆಣ್ಣೆ ತುಂಬಿ, ಎಂಜಿನ್ ಚಾಲೂ ಮಾಡಿ, ಹಿಂದಕ್ಕೆ ಮುಂದಕ್ಕೆ ಎಂದು ಗೇರಿನ ಹಿಡಿಕೆಯನ್ನು ಒಂದೊಂದು ಜಾಗದಲ್ಲೂ ಸ್ವಲ್ಪ ಹೊತ್ತು ನಿಲ್ಲಿಸಿದ. ಎಂಜಿನ್ ಓಡುತ್ತಿರುವಾಗಲೇ ಪಕ್ಕದ ಬಿರಡೆ ಬಿಚ್ಚಿ, ಎಣ್ಣೆ ಸಣ್ಣ ನೂಲಿನ ಹಾಗೆ ಇಳಿಯುವುದನ್ನು ನೋಡಿ, ಮಟ್ಟ ಸರಿಯಾಯಿತೆಂದು ಮುಚ್ಚಿದ. ಅಷ್ಟು ಹೊತ್ತೂ ಅವನ ಕೈಯಿಂದ ಒಂದು ವಾಷರ್ ಕೂಡ ಕೆಳಗೆ ಬೀಳಲಿಲ್ಲ.

“ಅರ್ಧ ಎಣ್ಣೆಯೇ ಇಳಿದಿರೋದು,” ಎಂದ ಅಜ್ಜ. “ಉಳಿದರ್ಧ ಒಳಗೇ ಇದೆ, ಇಳಿಯಲ್ಲ ಅದು. ಒಂದು ವಾರ ಓಡಿಸಿ ಮುಂದಿನ ಭಾನುವಾರ ಇನ್ನೊಂದು ಸಲ ಬದಲಿಸಿದ್ರೇ ರೋಗ ಬುಡದಿಂದ ಹೋಗೋದು. ಈ ಇನ್ನೊಂದು ಡಬ್ಬ ಮನೇಲಿಟ್ಕೋ.”

ಹೆದ್ದಾರಿಯಲ್ಲಿ ಲಾರಿ ಐವತ್ತು ದಾಟಿತು, ಐವತ್ತೈದು ದಾಟಿತು, ಅರವತ್ತೂ ದಾಟಿತು. ನಡುಕದ ಸುಳಿವೇ ಇರಲಿಲ್ಲ. ಪೈಲಟ್ಟನಿಗೆ ಅಳು ಬಂತು. ಭಾವಮೈದುನನ ಎಣ್ಣೆ ಮೆತ್ತಿದ ಹೆಗಲನ್ನು ತಟ್ಟಿ ತಟ್ಟಿ ನಕ್ಕ.

ಸೋಮವಾರ ಸಂಜೆ ಹೆಂಡತಿ ಬಟ್ಟೆ ಮಡಿಸುತ್ತ ಕೂತಿದ್ದವಳು ತಟ್ಟನೆ ಕೇಳಿದಳು.

“ರೀ, ನಾಳೆ ಲಾರಿ ನಡುಗಲ್ಲ ಅಲ್ವಾ?”

“ಒಂಚೂರೂ ಇಲ್ಲ!”

“ಹಾಗಾದ್ರೆ ಇಷ್ಟು ದಿನ ನಡುಗಿದ್ದು ಯಾರು ಅಂತಾರೆ?”

ಪೈಲಟ್ ಭಾವಮೈದುನನ ಕಡೆಗೆ ತಿರುಗಿದ. ಭಾವಮೈದುನ ಕೆಮ್ಮಿ, ಯಾರೋ ಕರೆದ ಹಾಗಾಯಿತು ಎಂದು ಎದ್ದು ಹೋದ.

ಮಂಗಳವಾರ ಸಾಹೇಬರು ಬಂದರು. ಪೈಲಟ್ಟನಿಗೆ ಓಡಿಸಲು ಬಿಡಲಿಲ್ಲ, ಏಣಿಯನ್ನು ಸ್ಟಿಯರಿಂಗಿಗೆ ಕೂರಿಸಿದರು. ಆ ತುದಿಯ ಕಿಟಕಿಗೆ ಸಾಹೇಬರು, ನಡುವೆ ಪೈಲಟ್. ಮ್ಯಾನೇಜರು ಹಿಂದಿನ ಸೀಟಿನಲ್ಲಿ ರಿಜಿಸ್ಟರ್ ಹಿಡಿದು ಕೂತರು. ಸಾಹೇಬರು ಪೈಲಟ್ಟನ ಕೈಗೆ ಅಂಚಿನವರೆಗೆ ತುಂಬಿದ ನೀರಿನ ಲೋಟ ಕೊಟ್ಟರು.

“ನೀನೇ ಹಿಡ್ಕೋ. ಆಮೇಲೆ ಅನ್ಯಾಯ ಆಯ್ತು ಅನ್ನಬಾರದು.”

ಲಾರಿ ಹೆದ್ದಾರಿಗೆ ಬಂತು. ನಲವತ್ತೈದು. ಐವತ್ತು. ಮೂರು ತಿಂಗಳು ನಡುಗಬೇಡ ಎಂದು ಬೇಡಿಕೊಂಡವನು ಈಗ ಮನಸ್ಸಿನಲ್ಲೇ ನಡುಗು ತಾಯಿ, ಒಂದೇ ಒಂದು ಸಲ ನಡುಗು ಎಂದು ಬೇಡಿಕೊಂಡ. ಐವತ್ತೈದು. ಲಾರಿ ಬೆಣ್ಣೆಯ ಮೇಲೆ ಹೋದ ಹಾಗೆ ಹೋಯಿತು.

“ಎಷ್ಟು ಚೆನ್ನಾಗಿದೆ ಗಾಡಿ!” ಎಂದರು ಸಾಹೇಬರು.

“ಸಾರ್, ಭಾನುವಾರ ನಾನೇ ಎಣ್ಣೆ ಬದಲಿಸಿದೆ ಸಾರ್!” ಪೈಲಟ್ ಒದರಿದ. “ಅದಕ್ಕೇ ನಡುಗ್ತಿಲ್ಲ. ಬೇಕಾದ್ರೆ ಗ್ರೀಸಜ್ಜನ್ನ ಕೇಳಿ.”

ಸಾಹೇಬರು ಹಿಂದಕ್ಕೆ ಕೈಚಾಚಿದರು. ಮ್ಯಾನೇಜರು ರಿಜಿಸ್ಟರನ್ನು ಕೆಂಪು ಶಾಯಿಯ ಪುಟಕ್ಕೇ ತೆರೆದು ಕೊಟ್ಟರು.

“ಇದು ಯಾರ ಸಹಿ?”

“ನಂದೇ.”

“ಬದಲಿಸೋ ಹಾಗೇ ಇಲ್ಲದ ಎಣ್ಣೆ ಅಂತ ನೀನೇ ಬರೆಸಿದೀಯ. ಅದನ್ನ ಬದಲಿಸಿದೆ ಅಂತಾನೂ ನೀನೇ ಹೇಳ್ತೀಯ.” ಸಾಹೇಬರ ದನಿ ಮೃದುವಾಗಿತ್ತು. “ನೋಡಪ್ಪ, ಅಪ್ಪಣೆಯಿಲ್ಲದೆ ಕಂಪನಿ ಗಾಡಿ ಬಿಚ್ಚಿದ್ರೆ ಅವತ್ತೇ ಕೆಲಸ ಹೋಗುತ್ತೆ. ಬರೀ ಕೈ ನಡುಕ ಆದ್ರೆ ಅದು ಕಾಯಿಲೆ, ಅದಕ್ಕೆ ಕನಿಕರ ಇದೆ, ಗೇಟಲ್ಲಿ ಕೂರಿಸ್ತೀವಿ. ನಿಧಾನವಾಗಿ ಯೋಚನೆ ಮಾಡಿ ಹೇಳು. ಎಣ್ಣೆ ಬದಲಿಸಿದೀಯಾ?”

ಮನೆ, ಹೆಂಡತಿ, ಇಪ್ಪತ್ತೆಂಟು ವರ್ಷ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂತು.

“ಇಲ್ಲ ಸಾರ್.”

ಆಗ ಅವನ ಕೈ ನಡುಗಿತು. ಐವತ್ತೆರಡು ವರ್ಷದಲ್ಲಿ ಮೊದಲ ಸಲ, ಸಿಟ್ಟಿಗೋ ನಾಚಿಕೆಗೋ, ಮೊಣಕೈಯಿಂದ ಬೆರಳ ತುದಿಯವರೆಗೆ ಗಡಗಡ ನಡುಗಿತು. ಲೋಟದ ನೀರೆಲ್ಲ ಸಾಹೇಬರ ಪ್ಯಾಂಟಿನ ಮೇಲೆ ಹೋಯಿತು. ಸಾಹೇಬರು ಬೈಯಲಿಲ್ಲ. ಕರ್ಚೀಫು ತೆಗೆದು ಒರೆಸಿಕೊಳ್ಳುತ್ತ, “ಪಾಪ,” ಎಂದರು. ಹಿಂದಿನಿಂದ ಮ್ಯಾನೇಜರೂ “ಪಾಪ” ಎಂದರು. ಏಣಿ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಪೈಲಟ್ ಗೇಟಿಗೆ ಬಂದ. ಒಂದು ಕುರ್ಚಿ, ಒಂದು ಮೇಜು, ಒಡಕಿನ ಪುಸ್ತಕ. ಲಾರಿ ವಾಪಸು ಬಂದಾಗ ಎಷ್ಟು ಗಾಜು ಒಡೆದಿದೆ ಎಂದು ಬರೆಯುವುದು ಅವನ ಹೊಸ ಕೆಲಸ. ಏಣಿ ಓಡಿಸಲು ಶುರುಮಾಡಿದ ಮೇಲೆ ಒಂದೂ ಒಡೆಯಲಿಲ್ಲ. ದಿನಾ ಸಂಜೆ ‘ಇಲ್ಲ’ ಎಂದು ಬರೆಯಬೇಕು. ಮ್ಯಾನೇಜರು ಬಂದವರಿಗೆಲ್ಲ ಪುಸ್ತಕ ತೆರೆದು ತೋರಿಸುತ್ತಿದ್ದರು.

“ನೋಡಿ, ಇವನು ಇಳಿದ ದಿನದಿಂದ ಒಂದು ಗೀಟೂ ಬಿದ್ದಿಲ್ಲ. ಏನಪ್ಪ, ಹೌದಲ್ವಾ?”

“ಹೌದು ಸಾರ್,” ಎನ್ನುತ್ತಿದ್ದ ಪೈಲಟ್. ತಾನು ಅಂಗಾತ ಮಲಗಿ ತುಂಬಿದ ಎಣ್ಣೆಯೇ ದಿನಾ ತನ್ನ ಮೇಲೆ ಸಾಕ್ಷಿ ಹೇಳುತ್ತಿದೆ ಎಂದು ಯಾರಿಗೆ ಹೇಳುವುದು?

ಸಮಾಧಾನ ಹೇಳಲು ಭಾವಮೈದುನ ಇದ್ದ.

“ಒಳ್ಳೇದೇ ಆಯ್ತು ಭಾವ. ಎರಡನೇ ಸಲ ಬದಲಿಸೋ ಮೊದಲೇ ಕೀಲಿ ಕಿತ್ಕೊಂಡ್ರಲ್ಲ, ಅರ್ಧ ಹಳೇ ಎಣ್ಣೆ ಇನ್ನೂ ಒಳಗೇ ಇದೆ. ಇವತ್ತಲ್ಲ ನಾಳೆ ಅದು ನಡುಗೇ ನಡುಗುತ್ತೆ. ಅವತ್ತು ಎಲ್ಲರೂ ಬಂದು ನಿಮ್ಮ ಕೈ ಹಿಡ್ಕೊಂಡು ತಪ್ಪಾಯ್ತು ಅಂತಾರೆ ನೋಡಿ.”

ಇದೊಂದು ಮಾತು ಪೈಲಟ್ಟನ ಎದೆಯಲ್ಲಿ ನಾಟಿತು. ಅಡುಗೆಮನೆಯ ಮೂಲೆಯಲ್ಲಿದ್ದ ಎಣ್ಣೆಯ ಡಬ್ಬವನ್ನು ಅವನು ದಿನಾ ಒಮ್ಮೆ ನೋಡುತ್ತಿದ್ದ. ಕಣ್ಣಿಗೆ ಎ‌ಣ್ಣೆ ಬಿಟ್ಟುಕೊಂಡು ನಡುಕಕ್ಕಾಗಿ ಕಾದ. ಲಾರಿ ಗೇಟಿಗೆ ಬಂದಾಗಲೆಲ್ಲ ಕೇಳುವುದು ಒಂದೇ ಪ್ರಶ್ನೆ.

“ಏನಾದ್ರೂ ಅನ್ನಿಸ್ತೇನೋ? ಐವತ್ತು ದಾಟಿದ ಮೇಲೆ?”

“ಇಲ್ಲಣ್ಣ.”

ನಾಲ್ಕು ತಿಂಗಳು ಹೀಗೇ ಹೋಯಿತು. ಒಂದು ಮಧ್ಯಾಹ್ನ ಏಣಿ ಲಾರಿ ನಿಲ್ಲಿಸಿ ಇಳಿದವನು ಕೂಡಲೇ ಒಳಗೆ ಹೋಗಲಿಲ್ಲ. ಮೇಜಿನ ಹತ್ತಿರ ಬಂದು ನಿಂತು, ಸುತ್ತ ನೋಡಿ, ದನಿ ತಗ್ಗಿಸಿದ.

“ಅಣ್ಣ, ನಿನ್ನೆಯಿಂದ ಐವತ್ತೈದರಲ್ಲಿ ಏನೋ ಒಂಥರಾ ಆಗ್ತಿದೆ. ಉಬ್ಬಿನ ಮೇಲೆ ಹೋದ ಹಾಗೆ.”

ಪೈಲಟ್ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದ. ಏಣಿಯ ಎರಡೂ ತೋಳು ಹಿಡಿದು ಅಲ್ಲಾಡಿಸಿದ. ಕಣ್ಣಲ್ಲಿ ನೀರು ತುಂಬಿತ್ತು.

“ಬ್ರೇಕ್ ಮುಟ್ಟಿದ್ರೆ ನಿಲ್ಲುತ್ತಾ?”

“ನಿಲ್ಲುತ್ತೆ.”

“ಬಂದಿದೆ ಕಣೋ! ಬಂದೇಬಿಟ್ಟಿದೆ! ನಡಿ, ಈಗಲೇ ಮ್ಯಾನೇಜರಿಗೆ ಹೇಳೋಣ ನಡಿ.”

ಏಣಿ ನಡೆಯಲಿಲ್ಲ. ಬಿದ್ದಿದ್ದ ಕುರ್ಚಿಯನ್ನು ನೋಡಿದ. ಮೇಜನ್ನು ನೋಡಿದ, ಒಡಕಿನ ಪುಸ್ತಕವನ್ನು ನೋಡಿದ. ಎರಡು ಮಕ್ಕಳ ತಂದೆ ಅವನು. ಮೆಲ್ಲಗೆ ತೋಳು ಬಿಡಿಸಿಕೊಂಡು ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ.

“ನಾನೇನೂ ಹೇಳಲೇ ಇಲ್ಲಣ್ಣ. ಗಾಡಿ ಚೆನ್ನಾಗಿದೆ. ನಾನು ನಲವತ್ತೈದರ ಮೇಲೆ ಹೋಗಲ್ಲ, ಅಷ್ಟೆ.”

“ಹೋಗಲಿ ಬಿಡು, ಯಾರಿಗೂ ಹೇಳೋದು ಬೇಡ,” ಎಂದ ಪೈಲಟ್. ತನ್ನ ಬಾಯಿಂದ ಆ ಮಾತು ಬಂದದ್ದು ಅವನಿಗೇ ಆಶ್ಚರ್ಯವಾಯಿತು. ನಾಲ್ಕು ತಿಂಗಳು ಯಾವುದಕ್ಕೆ ಕಾದಿದ್ದನೋ ಅದು ಈ ಹೆದರಿದ ಮುಖದ ಎದುರಿಗೆ ಅವನಿಗೆ ಬೇಡವೆನಿಸಿತು. “ಡಬ್ಬ ಮನೇಲಿದೆ. ಭಾನುವಾರ ಕೀಲಿ ನಿನ್ನ ಹತ್ರ ಇರುತ್ತಲ್ಲ. ಅಜ್ಜನ ಗ್ಯಾರೇಜಿಗೆ ತಗೊಂಡ್ಬಾ, ಉಳಿದರ್ಧ ನಾನೇ ಬದಲಿಸಿಕೊಡ್ತೀನಿ. ಸಂಜೆ ಒಳಗೆ ಸರಿಹೋಗುತ್ತೆ.”

“ಬೇಡಣ್ಣ,” ಎಂದ ಏಣಿ. “ಬದಲಿಸಿದ್ರೆ ಸರಿಹೋಗುತ್ತೆ. ಸರಿಹೋಗಿಬಿಟ್ರೆ ನಡುಗಿದ್ದು ನಾನೇ ಅಂತಾಗುತ್ತೆ.”

ಅವನು ಲಾರಿ ಹತ್ತಿ ಆವರಣದೊಳಗೆ ಹದಿನೈದರಲ್ಲಿ ಹೋದ. ಪೈಲಟ್ ಕುರ್ಚಿ ಎತ್ತಿ ನಿಲ್ಲಿಸಿ ಕೂತು, ಪುಸ್ತಕ ತೆರೆದು, ಆ ದಿನದ ಸಾಲಿನಲ್ಲಿ ‘ಇಲ್ಲ’ ಎಂದು ಬರೆದ.